ಹಾಪ್ಸ್ ಹೂವಿನ ಗುಣ, ಬಿಯರ್ ಬಾಟಲಿಯ ಲೆಕ್ಕ

(ಜುಮುಅ ಖುತ್ಬಾದ ಸಂಗ್ರಹ)

 



ಕುರ್‌ಆನಿನ ಅಲ್‌ಬಕರಃ ಅಧ್ಯಾಯದ 219ನೇ ವಚನ ನಿಮಗೆಲ್ಲ ಪರಿಚಿತ. ಮದ್ಯ ಮತ್ತು ಜೂಜಿನ ಬಗ್ಗೆ ಜನರು ಪ್ರವಾದಿ(ಸ)ರಲ್ಲಿ ವಿಚಾರಿಸಿದಾಗ ಅವತೀರ್ಣವಾದ ವಚನ ಅದು. ನಾವು ಅದನ್ನು ಎಷ್ಟೋ ಸಲ ಓದಿದ್ದೇವೆ, ಆದರೆ ಒಂದು ವಿಷಯವನ್ನು ಗಮನಿಸದೆ ದಾಟಿಬಿಡುತ್ತೇವೆ. ಮದ್ಯದಲ್ಲಿ ಯಾವ ಪ್ರಯೋಜನವೂ ಇಲ್ಲ ಎಂದು ಅಲ್ಲಾಹನು ಅಲ್ಲಿ ಹೇಳಿಲ್ಲ. ಜನರಿಗೆ ಅದರಲ್ಲಿ ಕೆಲವು ಪ್ರಯೋಜನಗಳಿವೆ ಎಂದು ಒಪ್ಪಿಕೊಂಡು, ಅದರ ಪಾಪ ಮತ್ತು ಕೆಡುಕು ಆ ಪ್ರಯೋಜನಕ್ಕಿಂತ ದೊಡ್ಡದು ಎಂದು ತೀರ್ಮಾನಿಸಲಾಗಿದೆ. ಆ ಪ್ರಯೋಜನ ಯಾವುದಿರಬಹುದು ಎಂದು ವ್ಯಾಖ್ಯಾನಕಾರರು ಚರ್ಚಿಸಿದ್ದಾರೆ. ವ್ಯಾಪಾರದ ಲಾಭ, ಅನ್ನ ಜೀರ್ಣವಾಗುವುದು, ಮನಸ್ಸಿಗೆ ತಾತ್ಕಾಲಿಕ ಉಲ್ಲಾಸ, ಹೀಗೆ ಅವರು ಪಟ್ಟಿ ಮಾಡಿದ್ದಾರೆ. ಪೂರ್ಣ ನಿಷೇಧ ಬಂದದ್ದು ನಂತರ, ಅಲ್‌ಮಾಇದಃ ಅಧ್ಯಾಯದಲ್ಲಿ.

ಈ ವಚನವನ್ನು ಇಂದು ನೆನಪಿಸಲು ಕಾರಣವಿದೆ. ಇತ್ತೀಚೆಗೆ ಕಾಲೇಜಿಗೆ ಹೋಗುವ ನಮ್ಮ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಬಂದು ಕೇಳಿದ: "ಉಸ್ತಾದರೇ, ಬಿಯರಿನಲ್ಲಿ ಕ್ಯಾನ್ಸರ್ ತಡೆಯುವ ವಸ್ತು ಇದೆಯಂತೆ. ವಿಜ್ಞಾನಿಗಳೇ ಹೇಳಿದ್ದಾರೆ. ಕ್ಲಾಸಿನಲ್ಲಿ ಗೆಳೆಯರು ಕೇಳಿದರೆ ನಾನು ಏನು ಹೇಳಲಿ?" ಹುಡುಗ ಕುಡಿಯುವವನಲ್ಲ. ತನ್ನ ದೀನ್ ಮತ್ತು ತಾನು ಓದುತ್ತಿರುವ ವಿಜ್ಞಾನ ಎದುರುಬದುರು ನಿಂತಿವೆಯೋ ಎಂಬ ಕಳವಳ ಅವನಿಗೆ. "ಅದೆಲ್ಲ ಸುಳ್ಳು, ಹೋಗು" ಎಂದು ಗದರಿಸಿ ಕಳಿಸಬಹುದಿತ್ತು. ಆದರೆ ಅಲ್ಲಿದ್ದದ್ದು ಪೂರ್ತಿ ಸುಳ್ಳಲ್ಲ. ಸುಳ್ಳೆಂದು ನಾನು ಹೇಳಿ, ನಾಳೆ ಅವನು ಅದನ್ನು ಪ್ರಯೋಗಾಲಯದಲ್ಲಿ ಸತ್ಯವೆಂದು ಕಂಡರೆ, ಅವನು ಸಂಶಯಪಡುವುದು ನನ್ನ ಮೇಲಲ್ಲ, ಮಿಂಬರಿನ ಮೇಲೆ. ಆದ್ದರಿಂದ ವಿಷಯವನ್ನು ಬಿಡಿಸಿ ನೋಡೋಣ. ನಾನು ವೈದ್ಯನಲ್ಲ. ಮದ್ರಸದಲ್ಲಿ ಓದಿದವನು, ಮೇಲೆ ಒಂದು ಬಿ.ಎ. ಇಲ್ಲಿ ಹೇಳುವ ವೈದ್ಯಕೀಯ ವಿಷಯಗಳೆಲ್ಲ ಬಲ್ಲವರು ಬಹಿರಂಗವಾಗಿ ಬರೆದಿಟ್ಟವು.

ಬಿಯರಿಗೆ ಕಹಿ ರುಚಿ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವು. ನಮ್ಮ ತೋಟದ ಕಾಳುಮೆಣಸಿನ ಬಳ್ಳಿ ಮರಕ್ಕೆ ಹಬ್ಬುವ ಹಾಗೆ ಇದು ತಂತಿ, ಹಗ್ಗಗಳಿಗೆ ಸುತ್ತಿಕೊಂಡು ಐದಾರು ಮೀಟರ್ ಎತ್ತರ ಏರುತ್ತದೆ. ತಂಪು ನಾಡಿನ ಬೆಳೆ. ಜರ್ಮನಿಯ ಹಾಲರ್ಟೌ, ಅಮೆರಿಕದ ಯಾಕಿಮಾ ಕಣಿವೆ ಇದಕ್ಕೆ ಹೆಸರಾದ ಜಾಗಗಳು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ. ಕರ್ನಾಟಕದ ಬಿಸಿಲಿನಲ್ಲಿ ನಮಗೆ ಕಾಣಸಿಗುವಂಥದ್ದಲ್ಲ. ಹೆಣ್ಣು ಬಳ್ಳಿಯಲ್ಲಿ ಹೆಬ್ಬೆರಳಿನ ಗಾತ್ರದ, ಎಸಳಿನ ಮೇಲೆ ಎಸಳು ಜೋಡಿಸಿದಂಥ ಹಸಿರು ಹೂಗೊನೆಗಳು ಬಿಡುತ್ತವೆ. ಎಸಳಿನ ಬುಡದಲ್ಲಿ ಹಳದಿ ಪುಡಿಯಿರುತ್ತದೆ. ಗುಣವೆಲ್ಲ ಆ ಪುಡಿಯಲ್ಲಿ. ಅರಬಿಯಲ್ಲಿ ಇದಕ್ಕೆ ಹಶೀಶತುದ್ದೀನಾರ್, ಅಂದರೆ ದೀನಾರಿನ ಗಿಡ ಎಂಬ ಸುಂದರ ಹೆಸರಿದೆ. ಹಶೀಶ್ ಎಂಬ ಶಬ್ದ ಕೇಳಿ ಯಾರೂ ಗಾಬರಿಪಡಬೇಡಿ, ಅದಕ್ಕೆ ಹುಲ್ಲು, ಮೂಲಿಕೆ ಎಂದೇ ಮೂಲಾರ್ಥ. ಸಸ್ಯಶಾಸ್ತ್ರದ ಪ್ರಕಾರ ಹಾಪ್ಸ್ ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು ಹೌದು, ಆದರೆ ಗಾಂಜಾದ ಅಮಲಿನ ವಸ್ತು ಇದರಲ್ಲಿಲ್ಲ.

ಗಿಡವೂ ಹೂವೂ ಅಲ್ಲಾಹನ ಸೃಷ್ಟಿ. ಅದಕ್ಕೆ ಅವನು ಗುಣ ಇಟ್ಟಿದ್ದಾನೆ. ಹಳದಿ ಪುಡಿಯಲ್ಲಿ ಹ್ಯೂಮುಲೋನ್‌ನಂತಹ ಕಹಿ ಆಮ್ಲಗಳಿವೆ. ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಬೆಳೆಯದಂತೆ ಅವು ತಡೆಯುತ್ತವೆ. ಫ್ರಿಜ್ ಇಲ್ಲದ ಕಾಲದಲ್ಲಿ ಯುರೋಪಿನವರು ತಮ್ಮ ಪಾನೀಯ ಹುಳಿಯಾಗಿ ಕೆಡದಿರಲೆಂದು ಇದನ್ನು ಸೇರಿಸಿದರು. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಬಂದ ಪ್ರಸಿದ್ಧ ಕಾನೂನು ಬಿಯರಿಗೆ ಬಾರ್ಲಿ, ಹಾಪ್ಸ್ ಮತ್ತು ನೀರು ಬಿಟ್ಟು ಬೇರೇನೂ ಬಳಸಬಾರದೆಂದು ವಿಧಿಸಿತು. ಅಂದರೆ ಹಾಪ್ಸ್ ಬಿಯರಿಗೆ ಬಂದದ್ದು ಮುಖ್ಯವಾಗಿ ಉಪ್ಪಿನಕಾಯಿಗೆ ಉಪ್ಪು ಬಂದ ಹಾಗೆ, ಕೆಡದಂತೆ ಕಾಪಾಡಲು. ಆರೋಗ್ಯದ ಮಾತು ಅದಕ್ಕೆ ಅಂಟಿಕೊಂಡದ್ದು ತೀರಾ ಈಚೆಗೆ.

ಈಗ ಹುಡುಗನ ಮೊಬೈಲಿನಲ್ಲಿದ್ದ ವಸ್ತುವಿಗೆ ಬರೋಣ. ಅದರ ಹೆಸರು ಕ್ಸಾಂಥೋಹ್ಯೂಮಾಲ್. ಹೆಸರು ಬಾಯಿಗೆ ಕಷ್ಟ, ವಿಷಯ ಸುಲಭ. ಚಹಾ, ದಾಳಿಂಬೆ, ನೇರಳೆ, ಅರಶಿನ ಇವುಗಳಲ್ಲೆಲ್ಲ ಪಾಲಿಫೀನಾಲ್ ಎಂಬ ಗುಂಪಿನ ವಸ್ತುಗಳಿವೆಯಲ್ಲ, ಅದೇ ಗುಂಪಿನದು ಇದು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಇದನ್ನು ಹಾಕಿದಾಗ ಕೋಶಗಳ ಬೆಳವಣಿಗೆ ಕುಂಠಿತವಾದದ್ದು ನಿಜ. ಅಮೆರಿಕದ ಆರಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರ 2014ರ ಒಂದು ಪ್ರಯೋಗದಲ್ಲಿ ಎಳೆಯ ಇಲಿಗಳ ಕಲಿಕಾಶಕ್ತಿಯಲ್ಲಿ ಸುಧಾರಣೆ ಕಂಡಿತು, ಮುದಿ ಇಲಿಗಳಲ್ಲಿ ಕಾಣಲಿಲ್ಲ. 2016ರ ಇನ್ನೊಂದರಲ್ಲಿ, ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳ ಕೆಟ್ಟ ಕೊಲೆಸ್ಟ್ರಾಲ್ ಮತ್ತು ಇನ್ಸುಲಿನ್ ಮಟ್ಟ ಇಳಿಯಿತು. ಇದೆಲ್ಲ ಗಂಭೀರ ಕೆಲಸ. ಅಲ್ಲಗಳೆಯುವ ಅಗತ್ಯ ನಮಗಿಲ್ಲ.

ಆದರೆ ತಟ್ಟೆಯಲ್ಲಿರುವ ಕೋಶವನ್ನು ಫಿನಾಯಿಲ್ ಕೂಡ ಕೊಲ್ಲುತ್ತದೆ. ತಟ್ಟೆಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ದಾರಿ ಬಹಳ ಉದ್ದ. ಅದಕ್ಕಿಂತ ದೊಡ್ಡ ಪ್ರಶ್ನೆ ಪ್ರಮಾಣದ್ದು. ನಾನು ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿ ಒಂದು ಲೆಕ್ಕ ಮಾಡಿಸಿದೆ. ನೀವೂ ಮಾಡಿ.

2016ರ ಪ್ರಯೋಗದಲ್ಲಿ ಇಲಿಗಳಿಗೆ ಕೊಟ್ಟ ಅತಿ ಹೆಚ್ಚಿನ ಪ್ರಮಾಣವನ್ನು 70 ಕಿಲೋ ತೂಕದ ಮನುಷ್ಯನಿಗೆ ಹೊಂದಿಸಿದರೆ ದಿನಕ್ಕೆ ಸುಮಾರು 350 ಮಿಲಿಗ್ರಾಂ ಬೇಕು. ಸಾಮಾನ್ಯ ಬಿಯರಿನಲ್ಲಿ ಎಷ್ಟಿದೆ? ಲೀಟರಿಗೆ 0.2 ಮಿಲಿಗ್ರಾಂ, ಹಲವು ಬಾರಿ ಅದಕ್ಕಿಂತಲೂ ಕಡಿಮೆ. ಯಾಕೆ ಇಷ್ಟು ಕಡಿಮೆ? ಹಾಪ್ಸನ್ನು ಮಾಲ್ಟಿನ ಕಷಾಯದಲ್ಲಿ ಹಾಕಿ ಚೆನ್ನಾಗಿ ಕುದಿಸುತ್ತಾರೆ. ಕುದಿಯುವಾಗ ಕ್ಸಾಂಥೋಹ್ಯೂಮಾಲ್‌ನ ಬಹುಭಾಗ ಬೇರೆ ರೂಪಕ್ಕೆ ತಿರುಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಗಸಿಯಲ್ಲಿ, ಸೋಸುವಾಗ ಹೋಗುತ್ತದೆ. 350ನ್ನು 0.2ರಿಂದ ಭಾಗಿಸಿ. 1750 ಲೀಟರ್! ನಮ್ಮ ಬಾರುಗಳಲ್ಲಿ ಮಾರುವ 650 ಮಿಲಿಲೀಟರ್ ಬಾಟಲಿಯ ಲೆಕ್ಕದಲ್ಲಿ ದಿನಕ್ಕೆ ಸುಮಾರು 2700 ಬಾಟಲಿ. ಇದು ಮೌಲ್ವಿಗಳ ಲೆಕ್ಕ ಎಂದು ಯಾರೂ ನಗಬೇಡಿ. ಆ ವಿಶ್ವವಿದ್ಯಾಲಯದವರೇ ತಮ್ಮ ಪ್ರಕಟಣೆಯಲ್ಲಿ ದಿನಕ್ಕೆ 3500 ಪಿಂಟ್ ಬಿಯರ್ ಬೇಕಾದೀತು ಎಂದು ಹೇಳಿದ್ದರು. ಅಮೆರಿಕದ ಪಿಂಟ್ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ. ಎರಡು ಲೆಕ್ಕವೂ ಬಹುತೇಕ ಒಂದೇ ಕಡೆ ಬಂದು ನಿಲ್ಲುತ್ತವೆ.

ಇನ್ನೊಂದು ತಟ್ಟೆಗೆ ಮದ್ಯಸಾರವನ್ನು ಹಾಕಿ ತೂಗಿ. ಶೇಕಡಾ 5ರ ಒಂದು 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 25 ಗ್ರಾಂ ಶುದ್ಧ ಮದ್ಯಸಾರವಿದೆ. ಸ್ಟ್ರಾಂಗ್ ಎಂದು ಮಾರುವ ಶೇಕಡಾ 8ರದ್ದಾದರೆ ಸುಮಾರು 41 ಗ್ರಾಂ. ಅದೇ ಬಾಟಲಿಯಲ್ಲಿ ಕ್ಸಾಂಥೋಹ್ಯೂಮಾಲ್ ಒಂದು ಮಿಲಿಗ್ರಾಮಿನ ಏಳೆಂಟನೇ ಒಂದು ಭಾಗ. ಪ್ರಯೋಜನ ಇದೆ, ಕೆಡುಕು ಅದಕ್ಕಿಂತ ದೊಡ್ಡದು ಎಂಬ ಮಾತನ್ನು ತಕ್ಕಡಿಯಲ್ಲಿ ತೂಗಿ ನೋಡುವ ಅವಕಾಶ ನಮಗೆ ಸಿಕ್ಕಿದೆ. ಹುಡುಗ ಕ್ಯಾಲ್ಕುಲೇಟರ್ ನೋಡಿ ನಕ್ಕ. ಕ್ಲಾಸಿನಲ್ಲಿ ಇದನ್ನೇ ಹೇಳುತ್ತೇನೆ ಎಂದ.

ಸಹೋದರರೇ, ಆ 25 ಗ್ರಾಂ ಏನು ಮಾಡುತ್ತದೆ ಎಂಬುದೂ ಗುಟ್ಟಿನ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲೇ ಮದ್ಯಪಾನೀಯಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದು ಅದೇ ಗುಂಪಿನಲ್ಲಿ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಹೆಂಗಸರ ಸ್ತನ, ಇವು ಅದರಿಂದ ಅಪಾಯ ಹೆಚ್ಚುವ ಅಂಗಗಳು. ವಿಸ್ಕಿ, ವೈನ್, ಬಿಯರ್ ಎಂಬ ಭೇದ ಇಲ್ಲಿಲ್ಲ. ಬಾಟಲಿ ಯಾವುದಾದರೂ ಒಳಗಿನ ಎಥನಾಲ್ ಒಂದೇ. ದೇಹದೊಳಗೆ ಅದು ಅಸಿಟಾಲ್ಡಿಹೈಡ್ ಆಗಿ ಕೋಶಗಳ ವಂಶವಾಹಿಯನ್ನು ಕೆಡಿಸುತ್ತದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ಅದೇ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಕ್ಯಾನ್ಸರ್ ತಡೆಯುವ ಕಣವನ್ನು ಹುಡುಕಿಕೊಂಡು ಕ್ಯಾನ್ಸರ್ ತರುವ ದ್ರವದಲ್ಲಿ ಇಳಿಯುವುದು ಯಾವ ಬುದ್ಧಿವಂತಿಕೆ?

"ಮಿತವಾಗಿ ಕುಡಿಯುವವರ ಹೃದಯ ಕುಡಿಯದವರದ್ದಕ್ಕಿಂತ ಚೆನ್ನಾಗಿರುತ್ತದೆ" ಎಂಬ ಮಾತು ನೀವು ಕೇಳಿರಬಹುದು. ಹಳೆಯ ಸಮೀಕ್ಷೆಗಳಲ್ಲಿ ಹಾಗೆ ಕಂಡದ್ದೂ ಉಂಟು. ಅದರಲ್ಲಿದ್ದ ತೊಡಕನ್ನು ತಜ್ಞರು ಹಿಂದೆಯೇ ತೋರಿಸಿದರು. ಕುಡಿಯದವರ ಪಟ್ಟಿಯಲ್ಲಿ, ಕಾಯಿಲೆ ಬಂದು ವೈದ್ಯರ ಮಾತಿನಂತೆ ಕುಡಿತ ಬಿಟ್ಟವರೂ ಸೇರಿಕೊಂಡಿದ್ದರು. ರೋಗಿಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ, ಗಟ್ಟಿಮುಟ್ಟಾದವರನ್ನು ಇನ್ನೊಂದು ಸಾಲಿನಲ್ಲಿ ನಿಲ್ಲಿಸಿದರೆ ಯಾವ ಸಾಲು ಆರೋಗ್ಯವಾಗಿ ಕಾಣುತ್ತದೆ? ಮತ್ತೂ ಒಂದು ಸಂಗತಿ. ದಿನಕ್ಕೊಂದು ಗ್ಲಾಸ್ ಮದ್ಯ ಹೃದಯಕ್ಕೆ ಒಳ್ಳೆಯದೇ ಎಂದು ಪರೀಕ್ಷಿಸಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 10 ಕೋಟಿ ಡಾಲರಿನ ದೊಡ್ಡ ಅಧ್ಯಯನ ಶುರುಮಾಡಿತ್ತು. ಅದರ ಹಣದ ದೊಡ್ಡ ಪಾಲು ಬರುವುದಿದ್ದದ್ದು ಜಗತ್ತಿನ ದೊಡ್ಡ ಮದ್ಯದ ಕಂಪೆನಿಗಳಿಂದ. ಅಧಿಕಾರಿಗಳೇ ಕಂಪೆನಿಗಳ ಬಳಿ ಹೋಗಿ ಹಣ ಕೇಳಿದ್ದು ಬಯಲಾಗಿ, 2018ರ ಜೂನ್‌ನಲ್ಲಿ ಸಂಸ್ಥೆ ಅಧ್ಯಯನವನ್ನೇ ನಿಲ್ಲಿಸಿತು. ಸಾಕ್ಷಿ ನುಡಿಯುವವನು ಯಾರ ಮನೆಯಲ್ಲಿ ಊಟ ಮಾಡುತ್ತಾನೆ ಎಂದು ಖಾಝಿ ವಿಚಾರಿಸಬೇಕಾಗುತ್ತದೆ. ಸುದ್ದಿ ಓದುವಾಗ ನೀವೂ ವಿಚಾರಿಸಿ. ಬಿಯರ್ ಕಂಪೆನಿಗಳ ಸ್ವಂತ ಸಂಶೋಧನಾಲಯಗಳಿಂದಲೂ ಹಾಪ್ಸ್ ಬಗ್ಗೆ ಪ್ರಬಂಧಗಳು ಬರುತ್ತವೆ. ಅಷ್ಟಕ್ಕೇ ಅವು ಸುಳ್ಳಾಗುವುದಿಲ್ಲ, ಓದುವವನು ಎಚ್ಚರದಿಂದಿರಬೇಕು ಅಷ್ಟೆ.

ಇನ್ನು ಕೆಲವರ ವಾದ ಬೇರೆ ತರಹ. "ಕುರ್‌ಆನ್ ನಿಷೇಧಿಸಿದ್ದು ದ್ರಾಕ್ಷಿಯ ಖಮ್ರ್. ಬಿಯರ್ ಬಾರ್ಲಿಯದ್ದು, ಅದರಲ್ಲಿ ಅಮಲೂ ಕಡಿಮೆ" ಎನ್ನುತ್ತಾರೆ. ಇದಕ್ಕೆ ಉತ್ತರ ಹುಡುಕಲು ಹೆಚ್ಚು ದೂರ ಹೋಗಬೇಕಾಗಿಲ್ಲ. ಪ್ರವಾದಿ(ಸ)ರು ಹ. ಅಬೂ ಮೂಸಾ ಅಲ್‌ಅಶ್‌ಅರಿ(ರ) ಮತ್ತು ಹ. ಮುಆದ್(ರ)ರನ್ನು ಯಮನಿಗೆ ಕಳಿಸಿದರು. ಅಬೂ ಮೂಸಾ(ರ) ಯಮನಿನವರೇ. ಊರಿನ ಪಾನೀಯಗಳು ಅವರಿಗೆ ಗೊತ್ತು. ಅಲ್ಲಿ ಜೇನಿನಿಂದ ಮಾಡುವ ಬಿತ್‌ಅ್ ಮತ್ತು ಬಾರ್ಲಿಯಿಂದ ಮಾಡುವ ಮಿಝ್ರ್ ಎಂಬ ಪಾನೀಯಗಳಿವೆ, ಅವುಗಳ ವಿಧಿ ಏನೆಂದು ಅವರು ಕೇಳಿದರು. ಅಮಲು ತರುವುದೆಲ್ಲವೂ ಹರಾಮ್ ಎಂಬ ಒಂದೇ ನಿಯಮವನ್ನು ಪ್ರವಾದಿ(ಸ)ರು ಹೇಳಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಮಿಝ್ರ್ ಎಂದರೆ ಬೇರೇನಲ್ಲ, ಆ ಕಾಲದ ಬಿಯರ್. ಹಾಪ್ಸ್ ಅದರಲ್ಲಿ ಇರಲಿಲ್ಲ ಅಷ್ಟೆ. ಹ. ಉಮರ್(ರ) ಖಲೀಫರಾಗಿದ್ದಾಗ ಪ್ರವಾದಿ(ಸ)ರ ಮಿಂಬರಿನಲ್ಲಿ ನಿಂತು, ಖಮ್ರ್ ತಯಾರಾಗುವ ಐದು ವಸ್ತುಗಳನ್ನು ಎಣಿಸಿದರು: ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಬಾರ್ಲಿ. ಬುದ್ಧಿಗೆ ಮುಸುಕು ಹಾಕುವುದೇ ಖಮ್ರ್ ಎಂದೂ ವಿವರಿಸಿದರು. ಹೆಚ್ಚು ಕುಡಿದರೆ ಅಮಲೇರಿಸುವಂಥದ್ದರ ಅಲ್ಪವೂ ನಿಷಿದ್ಧ ಎಂಬ ಹದೀಸ್ ತಿರ್ಮಿದಿ, ಅಬೂದಾವೂದ್‌ಗಳಲ್ಲಿದೆ. "ಒಂದೇ ಗ್ಲಾಸ್" ಎಂಬ ಬಾಗಿಲು ಅಲ್ಲಿಗೆ ಮುಚ್ಚಿತು.

ನಮ್ಮ ಜಮಾಅತ್‌ನಲ್ಲಿ ಕರಾವಳಿಯಿಂದ ಬಂದ ಶಾಫಿಈಗಳೂ ಇದ್ದಾರೆ, ಹನಫಿಗಳೂ ಇದ್ದಾರೆ. ಇಮಾಮ್ ಅಬೂ ಹನೀಫಾ(ರಹ್) ಧಾನ್ಯದ ಪಾನೀಯಗಳ ವಿಧಿಯಲ್ಲಿ ಕೆಲವು ವ್ಯತ್ಯಾಸಗಳನ್ನು ಹೇಳಿದ್ದರು ಎಂದು ಓದಿದ ಯುವಕರು ಅದನ್ನೇ ಹಿಡಿದುಕೊಂಡು ಬರುವುದುಂಟು. ಅಮಲೇರುವಷ್ಟು ಕುಡಿಯುವುದು ಅವರ ಬಳಿಯೂ ಹರಾಮೇ. ಹನಫಿ ಉಲಮಾಗಳು ಫತ್ವಾಕ್ಕೆ ಆಧಾರವಾಗಿ ಸ್ವೀಕರಿಸಿದ್ದು ಅವರ ಶಿಷ್ಯ ಇಮಾಮ್ ಮುಹಮ್ಮದ್(ರಹ್)ರ ಅಭಿಪ್ರಾಯವನ್ನು, ಅಂದರೆ ಅಲ್ಪವೂ ನಿಷಿದ್ಧವೆಂಬುದನ್ನು. ಈ ವಿಷಯದಲ್ಲಿ ಎರಡು ಮದ್‌ಹಬಿನವರೂ ಒಂದೇ ಸಫ್ಫಿನಲ್ಲಿದ್ದಾರೆ.

ಹಾಗೆಂದು ಬಾರ್ಲಿಯ ಮೇಲೆ ಕೋಪಿಸಿಕೊಳ್ಳಬೇಡಿ. ಬಾರ್ಲಿ ಹಿಟ್ಟಿನಿಂದ ಮಾಡುವ ತಲ್‌ಬೀನ ಎಂಬ ಗಂಜಿಯನ್ನು ರೋಗಿಗಳಿಗೂ ಮರಣದ ಮನೆಯವರಿಗೂ ಕೊಡಲು ಹ. ಆಯಿಶಾ(ರ) ಹೇಳುತ್ತಿದ್ದರು. ಅದು ದುಃಖಿತರ ಮನಸ್ಸಿಗೆ ಸಾಂತ್ವನ ಕೊಡುತ್ತದೆ ಎಂದು ಪ್ರವಾದಿ(ಸ)ರಿಂದ ಕೇಳಿದ್ದರು. ಖರ್ಜೂರ, ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದ ಪಾನೀಯವನ್ನು ಪ್ರವಾದಿ(ಸ)ರು ಕುಡಿಯುತ್ತಿದ್ದರು. ಮೂರನೇ ದಿನ ದಾಟಿದರೆ ಕುಡಿಯುತ್ತಿರಲಿಲ್ಲ. ವಸ್ತು ಒಂದೇ, ಹುದುಗಿ ಅಮಲು ಹತ್ತಿದಾಗ ವಿಧಿ ಬದಲಾಗುತ್ತದೆ.

ಇದೇ ನಿಯಮ ಹಾಪ್ಸ್ ಹೂವಿಗೂ ಅನ್ವಯ. ನಮ್ಮಲ್ಲಿ ಒಬ್ಬ ಹಿರಿಯರಿಗೆ ರಾತ್ರಿ ನಿದ್ದೆ ಇಲ್ಲ. ಜರ್ಮನಿಯಲ್ಲಿರುವ ಮಗ ಒಂದು ಮಾತ್ರೆಯ ಡಬ್ಬ ಕಳಿಸಿದ್ದಾನೆ. ಅದರ ಮೇಲೆ ಹಾಪ್ಸ್ ಹೂವಿನ ಚಿತ್ರ. "ಇದು ಬಿಯರಿನ ಗಿಡವಂತೆ, ಮುಟ್ಟಬಹುದೇ?" ಎಂದು ಡಬ್ಬವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಸೀದಿಯೊಳಗೆ ತಾರದೆ, ಹೊರಗೆ ಮೆಟ್ಟಿಲಿನಲ್ಲಿಟ್ಟು ಬಂದಿದ್ದರು. ಅವರ ತಖ್ವಾ ನನಗೆ ಇಷ್ಟವಾಯಿತು. ಗಿಡದಲ್ಲಿ ದೋಷವಿಲ್ಲ. ಯುರೋಪಿನಲ್ಲಿ ಹಾಪ್ಸ್ ಹೂವನ್ನು ದಿಂಬಿಗೆ ತುಂಬಿ ಮಲಗುವ ಪದ್ಧತಿ ಹಳೆಯದು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಸಣ್ಣ ಮಟ್ಟದ ಮಾನಸಿಕ ಒತ್ತಡಕ್ಕೂ ನಿದ್ದೆಗೂ ಇದನ್ನು ಪಾರಂಪರಿಕ ಮೂಲಿಕೆಯಾಗಿ ಒಪ್ಪಿದೆ. ಒಪ್ಪಿಗೆಯ ಆಧಾರ ದೀರ್ಘಕಾಲದ ಬಳಕೆ. ರೋಗಿಗಳ ಮೇಲೆ ಮಾಡಿದ ಪರೀಕ್ಷೆಗಳಿಂದ ಅದು ಗಟ್ಟಿಯಾಗಿ ಸಾಬೀತಾಗಿಲ್ಲ. ಡಬ್ಬ ನೋಡಿದೆವು. ಒಣ ಸಾರದ ಮಾತ್ರೆ, ಮದ್ಯಸಾರದ ದ್ರಾವಣವಲ್ಲ. ಮೂಲಿಕೆಯ ಔಷಧಗಳನ್ನು ಕೆಲವೊಮ್ಮೆ ಮದ್ಯಸಾರದಲ್ಲೇ ಕರಗಿಸಿ ಹನಿಗಳ ರೂಪದಲ್ಲಿ ಮಾರುತ್ತಾರೆ, ಅಂಥದ್ದು ಬೇಡ. ಮಾತ್ರೆ ತೆಗೆದುಕೊಳ್ಳಲು ಶರೀಅತ್ತಿನ ಅಡ್ಡಿಯಿಲ್ಲ ಎಂದೆ. ಆದರೆ ಅವರು ಈಗಾಗಲೇ ರಕ್ತದೊತ್ತಡಕ್ಕೂ ನಿದ್ದೆಗೂ ಬೇರೆ ಮಾತ್ರೆ ನುಂಗುತ್ತಿದ್ದಾರೆ. ನಿದ್ದೆಯ ಎರಡು ಔಷಧ ಸೇರಿದರೆ ಮಂಪರು ಹೆಚ್ಚಬಹುದು. ಡಾಕ್ಟರಿಗೆ ತೋರಿಸದೆ ಡಬ್ಬ ಬಿಚ್ಚಬೇಡಿ ಎಂದು ಕಳಿಸಿದೆ.

ಹೆಂಗಸರಿಗೆ ಒಂದು ಮಾತು, ಮೇಲೆ ಕುಳಿತು ಕೇಳುತ್ತಿರುವ ತಾಯಂದಿರು ಗಮನಿಸಿ. ಹಾಪ್ಸ್‌ನಲ್ಲಿ ಇನ್ನೊಂದು ವಸ್ತುವಿದೆ, ಅದರ ರಚನೆ ಕಹಿ ಚಕ್ಕೋತದ ನರಿಂಜೆನಿನ್‌ನ ಬಂಧು. ಗಿಡಗಳಲ್ಲಿ ಸಿಗುವ ಈಸ್ಟ್ರೋಜನ್‌ನಂಥ ವಸ್ತುಗಳಲ್ಲಿ ಅತ್ಯಂತ ಪ್ರಬಲವಾದವುಗಳಲ್ಲಿ ಇದೊಂದು. ಮುಟ್ಟು ನಿಲ್ಲುವ ಪ್ರಾಯದ ಹೆಂಗಸರ ಮೈಬಿಸಿಗೆ ಇದು ಉಪಯೋಗವಾಗುವುದೇ ಎಂದು ಬೆಲ್ಜಿಯಂನಲ್ಲಿ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಬಂತು. 6 ವಾರಕ್ಕೆ ಸ್ವಲ್ಪ ಉಪಶಮನ ಕಂಡಿತು, 12 ವಾರಕ್ಕಾಗುವಾಗ ಖಾಲಿ ಮಾತ್ರೆ ತಿಂದವರಿಗೂ ಇವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ. ಗರ್ಭಿಣಿಯರು, ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಇಂಥ ಹಾಪ್ಸ್ ಮಾತ್ರೆಯಿಂದ ದೂರವಿರಬೇಕು. ಆನ್‌ಲೈನಿನಲ್ಲಿ "ಹರ್ಬಲ್" ಎಂದು ಬರೆದದ್ದೆಲ್ಲ ನಿರಪಾಯಿಯಲ್ಲ.

ಗಲ್ಫಿನಿಂದ ಬಂದವರು ಬಾರ್ಬಿಕನ್‌ನಂಥ ಮಾಲ್ಟ್ ಪಾನೀಯದ ಬಗ್ಗೆ ಕೇಳುತ್ತಾರೆ. ಹುದುಗಿಸದೆ ತಯಾರಿಸಿದ್ದು, ಅಮಲು ತರದ್ದು, ಮದ್ಯಸಾರ ಸೇರಿಸದ್ದು ಎಂದಾದರೆ ಮಾಲ್ಟಿನಿಂದಲೋ ಹಾಪ್ಸ್ ಸಾರದಿಂದಲೋ ಅದು ಹರಾಮಾಗುವುದಿಲ್ಲ. ಬಿಯರನ್ನೇ ತಯಾರಿಸಿ ಆಮೇಲೆ ಮದ್ಯಸಾರ ತೆಗೆದು, 0.5 ಶೇಕಡಾ ಉಳಿಸಿ ಮಾರುವುದು ಬೇರೆ ವಿಷಯ. ಅದರಿಂದ ದೂರವಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಬಿಯರ್ ಕಂಪೆನಿಯ ಹೆಸರು, ಅದೇ ಬಣ್ಣ, ಅದೇ ಬಾಟಲಿ, ಪಕ್ಕದಲ್ಲಿ ಸಣ್ಣದಾಗಿ ಸೊನ್ನೆ ಬರೆದಿರುವುದನ್ನು ಹನ್ನೆರಡು ವರ್ಷದ ಮಗನ ಮುಂದೆ ಇಟ್ಟುಕೊಂಡು ಕುಡಿಯುವ ತಂದೆ, ಮಗ ಸೊನ್ನೆಯನ್ನು ನೋಡುತ್ತಾನೋ ಬಾಟಲಿಯನ್ನು ನೋಡುತ್ತಾನೋ ಎಂದು ಯೋಚಿಸಲಿ.

ಕೊನೆಗೆ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ ವಿಷಯ. ಲೇಖನ, ಇಲಿ, ಪ್ರಯೋಗಾಲಯಗಳ ಮಾತೆಲ್ಲ ಓದುವವರಿಗೆ. ನಮ್ಮ ಊರುಗಳಲ್ಲಿ ಬಿಯರ್ ಔಷಧವಾಗಿ ಬಾಯಿಯಿಂದ ಬಾಯಿಗೆ ಹರಡಿರುವುದು ಕಿಡ್ನಿ ಕಲ್ಲಿನ ಹೆಸರಿನಲ್ಲಿ. "ಎರಡು ಬಿಯರ್ ಕುಡಿ, ಕಲ್ಲು ತಾನಾಗಿ ಕರಗಿ ಹೋಗುತ್ತದೆ" ಎಂದು ಹೇಳುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ನಮಾಝ್ ಬಿಡದ ಒಬ್ಬ ಸಹೋದರ, ಲಾರಿ ಓಡಿಸಿ ಸಂಸಾರ ಸಾಕುವವನು, ನೋವು ತಾಳಲಾರದೆ ಮೂಗು ಹಿಡಿದುಕೊಂಡು ಕುಡಿದ. "ಔಷಧಕ್ಕಾಗಿ, ಅಲ್ಲಾಹನು ಕ್ಷಮಿಸುತ್ತಾನೆ" ಎಂದುಕೊಂಡ. ಎರಡು ವಾರ ಆಸ್ಪತ್ರೆಗೆ ಹೋಗಲಿಲ್ಲ. ಆಮೇಲೆ ಜ್ವರ, ನಡುಕ. ಕಲ್ಲು ಮೂತ್ರನಾಳದಲ್ಲಿ ಅಡ್ಡ ಕೂತು, ಮೇಲಿನ ಮೂತ್ರಕ್ಕೆ ಸೋಂಕು ತಗಲಿತ್ತು. ಅಲ್ಲಾಹನ ಕೃಪೆಯಿಂದ ಸಕಾಲಕ್ಕೆ ಯಾರೋ ಕರೆದೊಯ್ದರು. ಇಂದು ಅವನು ನಮ್ಮೊಂದಿಗಿದ್ದಾನೆ, ಅವನೇ ಹೇಳಲು ಅನುಮತಿ ಕೊಟ್ಟಿದ್ದಾನೆ.

ಆ ಮಾತಿನ ಹಿಂದೆ ಇರುವುದು ಇಷ್ಟೇ: ಮದ್ಯಸಾರ ಮಿದುಳಿನಿಂದ ಬರುವ ಒಂದು ಹಾರ್ಮೋನನ್ನು ತಡೆಯುತ್ತದೆ. ಆ ಹಾರ್ಮೋನು ದೇಹದಲ್ಲಿ ನೀರು ಹಿಡಿದಿಡುವಂಥದ್ದು. ಅದು ತಗ್ಗಿದಾಗ ಮೂತ್ರ ಹೆಚ್ಚು ಹೋಗುತ್ತದೆ. ಸಣ್ಣ ಕಲ್ಲು ಆ ಹರಿವಿನಲ್ಲಿ ಹೊರಬಂದರೆ ಬಿಯರಿಗೆ ಕೀರ್ತಿ. 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳು ಹೆಚ್ಚಾಗಿ ನೀರು ಕುಡಿದರೂ ತಾನಾಗಿ ಹೋಗುವಂಥವು. ನಮ್ಮಲ್ಲಿ ಹೆಚ್ಚು ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಬಿಯರಾಗಲಿ ಬೇರೆ ಪಾನೀಯವಾಗಲಿ ಕರಗಿಸುವುದಿಲ್ಲ. ಯೂರಿಕ್ ಆಮ್ಲದ ಕಲ್ಲಾದರೆ ಇನ್ನೂ ಕಷ್ಟ, ಯಾಕೆಂದರೆ ಬಿಯರ್ ಯೂರಿಕ್ ಆಮ್ಲವನ್ನು ಏರಿಸುತ್ತದೆ. ಸಂಧಿವಾತದ ರೋಗಿಗೆ ವೈದ್ಯರು ಮೊದಲು ಬಿಡಿಸುವುದು ಅದನ್ನೇ.

ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. ಅಮೆರಿಕದಲ್ಲಿ ಸುಮಾರು 1 ಲಕ್ಷ 94 ಸಾವಿರ ಜನರನ್ನು ಗಮನಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬಿಯರ್ ಕುಡಿಯುವವರಲ್ಲಿ ಹೊಸದಾಗಿ ಕಲ್ಲು ಉಂಟಾಗುವುದು ಕಡಿಮೆ ಎಂದು ಅದರಲ್ಲಿ ಕಂಡಿತು. ಬಿಯರ್ ಪರ ವಾದಿಸುವವರು ಇಷ್ಟನ್ನು ಓದಿ ಪುಟ ಮುಚ್ಚುತ್ತಾರೆ. ಅದೇ ಪಟ್ಟಿಯಲ್ಲಿ ಕಾಫಿ, ಕಿತ್ತಳೆ ರಸ ಮತ್ತು ನಮ್ಮ ಚಹಾ ಕೂಡ ಇವೆ. ಅಪಾಯ ಹೆಚ್ಚಿಸಿದ್ದು ಸಕ್ಕರೆಯ ಬಾಟಲಿ ಪಾನೀಯಗಳು. ಇಫ್ತಾರಿಗೆ ನಾವು ಕ್ರೇಟುಗಟ್ಟಲೆ ತರಿಸುತ್ತೇವಲ್ಲ, ಅವೇ.

ತಾರಿಕ್ ಇಬ್ನ್ ಸುವೈದ್(ರ) ಎಂಬ ಸಹಾಬಿ ತಾನು ಔಷಧಕ್ಕೆಂದು ಮದ್ಯ ತಯಾರಿಸುತ್ತೇನೆ ಎಂದಾಗ, ಅದು ಔಷಧವಲ್ಲ, ರೋಗ ಎಂದು ಪ್ರವಾದಿ(ಸ)ರು ತಿಳಿಸಿದರು. ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ. ಪ್ರಾಣ ಉಳಿಸಲು ಬೇರೆ ದಾರಿಯೇ ಇಲ್ಲದಾಗಿನ ಅನಿವಾರ್ಯತೆಯ ವಿಧಿ ಫಿಕ್ಹ್‌ನಲ್ಲಿ ಬೇರೆಯೇ ಇದೆ. ಕಿಡ್ನಿ ಕಲ್ಲಿಗೆ ಆ ಅನಿವಾರ್ಯತೆ ಹೇಗೆ ಬರುತ್ತದೆ? ನೀರಿದೆ, ಮಾತ್ರೆಯಿದೆ, ಕಲ್ಲು ಒಡೆಯುವ ಯಂತ್ರವಿದೆ.

ಕಲ್ಲಿನ ತೊಂದರೆ ಇರುವವರು ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ನೀರು ಕುಡಿಯಬೇಕೆಂದು ವೈದ್ಯರು ಹೇಳುತ್ತಾರೆ. ಬಿಸಿಲಿನಲ್ಲಿ ದುಡಿಯುವವರು, ಗಲ್ಫಿನಲ್ಲಿ ಕಟ್ಟಡದ ಕೆಲಸ ಮಾಡುವ ನಮ್ಮ ಮಕ್ಕಳು, ಲಾರಿ, ಬಸ್ಸು ಓಡಿಸುವವರು ಮೂತ್ರ ತಡೆಯುತ್ತಾರೆ, ನೀರು ಕಡಿಮೆ ಕುಡಿಯುತ್ತಾರೆ. ಕಲ್ಲು ಹೆಚ್ಚಾಗಿ ಅವರಿಗೇ. ಲಿಂಬೆ ಹಿಂಡಿದ ನೀರು ಒಳ್ಳೆಯದು, ಅದರ ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ. ಸಕ್ಕರೆ, ಉಪ್ಪು ಸುರಿಯಬೇಡಿ. ಬಾರ್ಲಿ ನೀರನ್ನು ನಮ್ಮ ಅಜ್ಜಿಯರು ಕುದಿಸಿ ಕೊಡುತ್ತಿದ್ದರು, ಅದೂ ನೀರೇ ತಾನೆ, ಕುಡಿಯಿರಿ. ರಮಝಾನಿನಲ್ಲಿ ಇಫ್ತಾರಿನಿಂದ ಸಹರಿಯವರೆಗೆ ಹಂಚಿ ಕುಡಿಯಿರಿ. ಹಿಂದೆ ಕಲ್ಲಿಗೆ ಶಸ್ತ್ರಚಿಕಿತ್ಸೆ ಆದವರು ಉಪವಾಸದ ಬಗ್ಗೆ ಶಅಬಾನಿನಲ್ಲೇ ವೈದ್ಯರನ್ನು ಕೇಳಿಕೊಳ್ಳಿ. ಪಕ್ಕೆಯ ನೋವಿನ ಜೊತೆ ಜ್ವರವೋ ಚಳಿನಡುಕವೋ ಬಂದರೆ, ಮೂತ್ರ ಪೂರ್ತಿ ನಿಂತರೆ, ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಕೈಯಲ್ಲಿ ಹಣವಿಲ್ಲ, ಗಾಡಿಯಿಲ್ಲ ಎಂಬ ಕಾರಣಕ್ಕೆ ಯಾರೂ ಮನೆಯಲ್ಲಿ ಕೂರಬಾರದು. ಜಮಾಅತ್ ಕಮಿಟಿಯವರಿಗೆ ಹೇಳಿ, ಎಷ್ಟು ಹೊತ್ತಾದರೂ ಮಸೀದಿಯ ಬಾಗಿಲು ತಟ್ಟಿ.